ಚುಚ್ಚೇ ಇಟ್ಟ ಹಾರ್ಡ್‌ಡಿಸ್ಕ್ ಬ್ಯಾಕಪ್ ಅಲ್ಲ: ನಮ್ಮ ಮನೆಯಲ್ಲಿ ಆದದ್ದು

ಮನೆಯ ಕಂಪ್ಯೂಟರಿನಲ್ಲಿ ಫೋಟೊ, ವಿಡಿಯೊ, ಹಳೇ ಕ್ಯಾಸೆಟ್ಟಿನ ರೆಕಾರ್ಡಿಂಗ್ ಇಟ್ಟುಕೊಂಡವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. 2020ರ ಮಳೆಗಾಲದಲ್ಲಿ, ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ನಡೆದದ್ದು.

ಲಾಕ್‌ಡೌನ್ ಆಗಿ ಅಕ್ಕನ ಮಗ ನಮ್ಮಲ್ಲೇ ಉಳಿದಿದ್ದ. ತಂಗಿಯ ಮದುವೆ ವಿಡಿಯೊ ಕತ್ತರಿಸಿ ಜೋಡಿಸಬೇಕೆಂದು ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್, ಅಂದರೆ ಹಣ ಕೊಡದೆ ಬಳಸಲು ಬೀಗ ಮುರಿದ ಕಳ್ಳ ಪ್ರತಿ, ಇಳಿಸಿದ. ನಾನು ಪಕ್ಕದಲ್ಲೇ ಕೂತಿದ್ದೆ, ಬೇಡ ಅನ್ನಲಿಲ್ಲ. ಬಂದದ್ದು ಪಾಸ್‌ವರ್ಡ್ ಹಾಕಿದ ಜಿಪ್ ಫೈಲು. ಜೊತೆಗೊಂದು ಚೀಟಿ: ಆಂಟಿವೈರಸ್ ಆಫ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ. ಜಿಪ್ಪಿಗೆ ಪಾಸ್‌ವರ್ಡ್ ಯಾಕೆ ಅನ್ನುವುದು ನನಗೆ ತಿಳಿದದ್ದು ಆಮೇಲೆ. ಪಾಸ್‌ವರ್ಡ್ ಇದ್ದರೆ ಒಳಗೇನಿದೆ ಎಂದು ಆಂಟಿವೈರಸ್‌ಗೆ ಕಾಣುವುದಿಲ್ಲ. ಚೀಟಿಯಲ್ಲಿ ಹೇಳಿದಂತೆಯೇ ನಾವು ಮಾಡಿದೆವು. ಕಳ್ಳನಿಗೆ ನಾವೇ ಬಾಗಿಲ ಅಗಳಿ ತೆಗೆದುಕೊಟ್ಟಂತಾಯಿತು.

ಎರಡು ನಿಮಿಷದಲ್ಲಿ ವಿಂಡೋಸ್ ಅಪ್‌ಡೇಟ್‌ನಂಥ ಒಂದು ಕಿಟಕಿ ತೆರೆದುಕೊಂಡಿತು. "ಅಪ್‌ಡೇಟ್ ಆಗ್ತಾ ಇದ್ದು ಮಾವ, ಮುಗಿಯವರೆಗೆ ಮುಟ್ಟಡ" ಅಂದ. ಚಹಾ ಕುಡಿದು ಬಂದೆವು. ಮದುವೆ ಫೋಟೊಗಳ ಫೋಲ್ಡರ್ ತೆರೆದರೆ, ಸಣ್ಣ ಚಿತ್ರಗಳು ಕಾಣಬೇಕಾದಲ್ಲಿ ಸಾಲಾಗಿ ಬಿಳಿ ಹಾಳೆಗಳು. ಪ್ರತಿ ಫೈಲಿನ ಹೆಸರಿನ ಕೊನೆಗೂ ಅದೇ ನಾಲ್ಕಕ್ಷರದ ಬಾಲ. ನೋಡನೋಡುತ್ತಿದ್ದಂತೆ ಪಕ್ಕದ ಫೋಲ್ಡರಿನಲ್ಲಿ ಇನ್ನೂ ಉಳಿದಿದ್ದ ಚಿತ್ರಗಳು ಒಂದೊಂದಾಗಿ ಬಿಳುಚಿಕೊಂಡವು. ಆ ಕ್ಷಣಕ್ಕೇ ಪ್ಲಗ್ ಕಿತ್ತಿದ್ದರೆ ಅಷ್ಟಾದರೂ ಉಳಿಯುತ್ತಿತ್ತು. ನಾನು ಬೆರಗಾಗಿ ನೋಡುತ್ತಾ ಕೂತೆ. ಹಿಂದೆ ಚುಚ್ಚಿದ್ದ ಹಾರ್ಡ್‌ಡಿಸ್ಕಿನ ನೀಲಿ ದೀಪ ಮಿಣಮಿಣ ಅನ್ನುತ್ತಲೇ ಇತ್ತು. ನಾನು 'ಬ್ಯಾಕಪ್' ಅಂತ ನಂಬಿಕೊಂಡಿದ್ದ ಡಿಸ್ಕ್ ಅದೇ. ವರ್ಷವಿಡೀ ಕಂಪ್ಯೂಟರಿಗೇ ಅಂಟಿಕೊಂಡಿದ್ದರಿಂದ ಅದರೊಳಗಿನ ಪ್ರತಿಗಳೂ ಹೋದವು.

ಪ್ರತಿ ಫೋಲ್ಡರಿನಲ್ಲೂ ಒಂದು ಓಲೆ ಬಿಟ್ಟುಹೋಗಿದ್ದರು. 980 ಡಾಲರ್ ಕೊಡಿ, 72 ಗಂಟೆಯೊಳಗೆ ಬಂದರೆ ಅರ್ಧ ಬೆಲೆ, 490 ಡಾಲರ್. ಇದು ಸ್ಟಾಪ್, ಇಲ್ಲವೇ ಡಿಜೆವಿಯು ಎಂದು ಕರೆಯುವ, ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ರ‍್ಯಾನ್ಸಮ್‌ವೇರ್. ಮನೆ ಬಳಕೆಯ ಕಂಪ್ಯೂಟರುಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ, ಹೆಚ್ಚಾಗಿ ಬರುವುದೂ ಕ್ರ್ಯಾಕ್, ಕೀಜೆನ್ (ಕಳ್ಳ ಲೈಸೆನ್ಸ್ ಸಂಖ್ಯೆ ಹುಟ್ಟಿಸುವ ಪ್ರೋಗ್ರಾಮು) ದಾರಿಯಲ್ಲೇ. ಆ ಕಂಪ್ಯೂಟರಿನಲ್ಲಿ ಆಂಟಿವೈರಸ್ ಕಂಪನಿಗಳ ವೆಬ್‌ಸೈಟ್ ಯಾವುದೂ ತೆರೆಯದಂತೆ ಮಾಡಿತ್ತು. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೇ ಪ್ರತಿಗಳನ್ನೂ ಅಳಿಸಿತ್ತು. ಹುಡುಕಾಟವೆಲ್ಲ ಫೋನಿನಲ್ಲೇ ಆಗಬೇಕಾಯಿತು.

ಎಮ್ಸಿಸಾಫ್ಟ್ ಎಂಬ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಇದರ ಬೀಗ ಬಿಚ್ಚುವ ಒಂದು ಉಚಿತ ಸಾಧನ ಹೊರತಂದಿತ್ತು. ಆದರೆ ಅದು ಎಲ್ಲರಿಗೂ ನಡೆಯುವುದಿಲ್ಲ. ಕಂಪ್ಯೂಟರು ದಾಳಿಯ ಹೊತ್ತಿಗೆ ಕಳ್ಳರ ಸರ್ವರಿನ ಸಂಪರ್ಕಕ್ಕೆ ಸಿಕ್ಕಿದ್ದರೆ ಪ್ರತಿ ಮನೆಗೂ ಬೇರೆ ಬೇರೆ ಕೀಲಿ. ಸಿಗದಿದ್ದರೆ ಮಾತ್ರ ಎಲ್ಲರಿಗೂ ಒಂದೇ ಕೀಲಿ, ಅಂಥವರ ಓಲೆಯಲ್ಲಿರುವ ಗುರುತಿನ ಸಂಖ್ಯೆ 't1' ಎಂದು ಮುಗಿಯುತ್ತದೆ. ನಮ್ಮದು ಹಾಗೆ ಮುಗಿಯಲಿಲ್ಲ. ಹಣ ಕೊಡಲಿಲ್ಲ. ಕೊಟ್ಟರೂ ಕೀಲಿ ಬರುತ್ತದೆ ಅನ್ನುವುದಕ್ಕೆ ಕಳ್ಳನ ಮಾತೊಂದೇ ಆಧಾರ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಕಂಗಾಲಾದಾಗ, ಬೀಗ ಬಿಚ್ಚುತ್ತೇವೆ ಅನ್ನುವ, ಸಿಕ್ಕಿದ 'ಡಿಕ್ರಿಪ್ಟರ್' ಎಲ್ಲ ಇಳಿಸಬೇಡಿ. 2020ರ ಜೂನಿನಲ್ಲಿ ಇದೇ ರೋಗಕ್ಕೆ ಮದ್ದು ಅಂತ ಹರಿದಾಡಿದ ಒಂದು ಸಾಧನ ಸ್ವತಃ ಇನ್ನೊಂದು ರ‍್ಯಾನ್ಸಮ್‌ವೇರ್ ಆಗಿತ್ತು, ಬೀಗ ಬಿದ್ದ ಫೈಲಿಗೆ ಎರಡನೇ ಬೀಗ ಹಾಕುತ್ತಿತ್ತು. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಸೇರಿ 2016ರಲ್ಲಿ ಶುರುಮಾಡಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಮೊದಲು ನೋಡಿ. ನಮ್ಮಲ್ಲಿ ಈಗ 1930ಕ್ಕೆ ಫೋನ್ ಮಾಡಿಯೋ ಕೇಂದ್ರ ಸರಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲೋ ದೂರು ಕೊಡಬಹುದು. ಈ ರ‍್ಯಾನ್ಸಮ್‌ವೇರ್ ಬರುವಾಗ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮನ್ನೂ ಕರೆತರುವುದುಂಟು. ಬ್ಯಾಂಕು, ಇಮೇಲ್ ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಅದೇ ದಿನ ಬದಲಿಸಿ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು ಅಪ್ಪಯ್ಯನ ದನಿಗಾಗಿ. ಅವರು ತಾಳಮದ್ದಲೆಯಲ್ಲಿ ಅರ್ಥ ಹೇಳುತ್ತಿದ್ದರು. ಬೂಸ್ಟು ಹಿಡಿದ ಕ್ಯಾಸೆಟ್ಟುಗಳನ್ನೆಲ್ಲ ಎಂಪಿ3 ಮಾಡಿಸಿ, ಇನ್ನೇನು ಭಯವಿಲ್ಲ ಅಂತ ಕ್ಯಾಸೆಟ್ ಎಸೆದಿದ್ದೆ. ತಿಂಗಳಾದ ಮೇಲೆ ಓದುತ್ತಾ ಗೊತ್ತಾಯಿತು: ಬೇಗ ಮುಗಿಸುವುದಕ್ಕೆ ಈ ರ‍್ಯಾನ್ಸಮ್‌ವೇರ್ ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿಯನ್ನಷ್ಟೇ ಕೆಡಿಸುತ್ತದೆ. ಹಾಗಾಗಿ ಪತ್ರ, ಲೆಕ್ಕದಂಥ ಸಣ್ಣ ಫೈಲು ಪೂರ್ತಿ ಹೋಗುತ್ತದೆ. ಫೋಟೊದ ತಲೆಭಾಗವೇ ಹಾಳಾಗುವುದರಿಂದ ಅದೂ ತೆರೆಯುವುದಿಲ್ಲ. ಎಂಪಿ3 ಹಾಗಲ್ಲ, ಅದು ತುಂಡುತುಂಡಾಗಿ ಬರೆದಿರುವಂಥದ್ದು, ಕೆಟ್ಟದ್ದನ್ನು ಬಿಟ್ಟು ಮುಂದಿನಿಂದ ಹಾಡಬಲ್ಲದು. ಒಂದು ಫೈಲಿನ ಪ್ರತಿ ಮಾಡಿ, ನಾಲ್ಕಕ್ಷರದ ಬಾಲ ಕತ್ತರಿಸಿ ಪ್ಲೇಯರಿಗೆ ಹಾಕಿದೆ. ಮೊದಲ ಒಂಬತ್ತು ಹತ್ತು ಸೆಕೆಂಡಿನಷ್ಟು ಇಲ್ಲ, ಭಾಗವತರ ಪದ್ಯದ ಎತ್ತುಗಡೆ ಹೋಗಿದೆ. ಅಲ್ಲಿಂದ ಮುಂದೆ ಮದ್ದಳೆ, ಯಾರದೋ ಕೆಮ್ಮು, ಆಮೇಲೆ ಅಪ್ಪಯ್ಯನ ಕರ್ಣ. ಅಡುಗೆಮನೆಯಿಂದ ಆಯಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲೇ ನಿಂತು ಕೇಳಿದಳು.

ಫೋಟೊಗಳಿಗೆ ಆ ಭಾಗ್ಯ ಇರಲಿಲ್ಲ. ನೆಂಟರಿಗೆ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದಷ್ಟೇ, ಅದೂ ಸಣ್ಣದಾಗಿ, ವಾಪಸ್ ಬಂತು.

ಈಗ ನಮ್ಮಲ್ಲಿ ಎರಡು ಡಿಸ್ಕುಗಳಿವೆ. ಒಂದು ಗಾದ್ರೇಜಿನೊಳಗೆ, ತಿಂಗಳಿಗೊಮ್ಮೆ ಅರ್ಧ ಗಂಟೆ ಚುಚ್ಚಿ ತೆಗೆಯುವುದಕ್ಕೆ. ಇನ್ನೊಂದು ಅಕ್ಕನ ಮನೆಯಲ್ಲಿ. ದಿನಬಳಕೆಗೆ ಅಡ್ಮಿನ್ (ಎಲ್ಲವನ್ನೂ ಬದಲಿಸುವ ಅಧಿಕಾರವಿರುವುದು) ಅಲ್ಲದ ಬೇರೆ ಅಕೌಂಟ್. ವಿಂಡೋಸ್ ಸೆಕ್ಯುರಿಟಿಯಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಅನ್ನುವುದೊಂದಿದೆ, ಅಪರಿಚಿತ ಪ್ರೋಗ್ರಾಮು ನಮ್ಮ ಫೈಲುಗಳನ್ನು ಬದಲಿಸದಂತೆ ತಡೆಯುತ್ತದೆ. ತಾನಾಗಿ ಆನ್ ಇರುವುದಿಲ್ಲ, ಹುಡುಕಿ ಆನ್ ಮಾಡಿದ್ದೇವೆ. ವಿಡಿಯೊ ಎಡಿಟಿಂಗಿಗೆ ಕಂಪನಿಗಳೇ ಉಚಿತವಾಗಿ ಕೊಡುವ ಸಾಫ್ಟ್‌ವೇರ್ ಬೇಕಾದಷ್ಟಿವೆ, ಅಳಿಯನೇ ಒಂದನ್ನು ಕಲಿತುಕೊಂಡ. ಬೀಗ ಬಿದ್ದ ಹಳೇ ಡಿಸ್ಕನ್ನು ಮಾತ್ರ ಅಳಿಸಿಲ್ಲ, ಕೀಲಿಗಳು ಮುಂದೆಂದಾದರೂ ಹೊರಬರಬಹುದು. ಮೇಲೆ ಆಯಿಯ ಕೈಬರಹದ ಚೀಟಿ ಅಂಟಿಸಿದೆ: ಮದುವೆ ಫೋಟೊ, ಒಗೆಯಬೇಡಿ.