ನೋವು ಇಳಿಯಿತೆಂದು ಚೇಳು ಕಡಿದ ಮಗುವನ್ನು ಮನೆಗೆ ಕಳಿಸಬೇಡಿ

ಚಳ್ಳಕೆರೆ ಕಡೆಯ ಹಳ್ಳಿ, ಬೇಸಿಗೆ ರಾತ್ರಿ. ಅಂಗಳದಲ್ಲಿ ಮಲಗಿದ್ದ ಎಂಟು ವರ್ಷದ ಹುಡುಗನ ಕಾಲ್ಬೆರಳಿಗೆ ಒಂಬತ್ತರ ಸುಮಾರಿಗೆ ಕೆಂಪು ಚೇಳು ಕಡಿಯಿತು. ಮಂತ್ರ ಹಾಕಿಸಿದರು, ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಆಮೇಲೆ ವಾಂತಿ, ಮೈಯೆಲ್ಲ ಬೆವರು. ಹತ್ತಿರದ ಕ್ಲಿನಿಕ್ಕಿನಲ್ಲಿ ಅವಿಲ್ (ಅಲರ್ಜಿಯ ಮದ್ದು), ಡೆಕ್ಸಾ (ಸ್ಟೀರಾಯ್ಡ್) ಇಂಜೆಕ್ಷನ್ ಕೊಟ್ಟು, ಎರಡು ಬಾಟಲಿ ಸಲೈನ್ ಓಡಿಸಿ, "ನೋವಿಲ್ಲವಲ್ಲ, ಕರಕೊಂಡು ಹೋಗಿ" ಅಂದರು. ಬೆಳಗಿನ ಜಾವ ಮೂರಕ್ಕೆ ಕೆಮ್ಮು, ಏದುಸಿರು, ಬಾಯಲ್ಲಿ ನಸುಗೆಂಪು ನೊರೆ. ಚಿತ್ರದುರ್ಗ ದಾಟಿ ದಾವಣಗೆರೆಯ ಐಸಿಯು ಮುಟ್ಟುವಾಗ ಹುಡುಗ ನೀಲಿಗಟ್ಟಿದ್ದ. ನೇರ ವೆಂಟಿಲೇಟರಿಗೆ ಹಾಕಬೇಕಾಯಿತು.

ಎಲ್ಲರನ್ನೂ ದಾರಿ ತಪ್ಪಿಸಿದ್ದು ಆ ನೋವೇ. ದೊಡ್ಡ ಕರಿ ಚೇಳು ನೋಡಲು ಭಯಂಕರ, ಕಡಿದರೆ ಉರಿ, ಸಾಮಾನ್ಯವಾಗಿ ಅಷ್ಟಕ್ಕೇ ಮುಗಿಯುತ್ತದೆ. ಕಲ್ಲುಗೋಡೆ, ಸೌದೆ ರಾಶಿ, ಶೇಂಗಾ ಬಣವೆಯಲ್ಲಿ ಅಡಗುವ ಬೆರಳುದ್ದದ ಕೆಂಪು ಚೇಳು ಹಾಗಲ್ಲ. ಅದರ ವಿಷ ಮೈಗೇರಿದವರಲ್ಲಿ ಕಡಿದ ಜಾಗದ ನೋವು ಎಷ್ಟೋ ಸಲ ಕಡಿಮೆಯೇ ಇರುತ್ತದೆ. ಮಂತ್ರ ಹಾಕಿದವರಿಗೆ ಹೆಸರು ಬರುವುದೂ ಹೀಗೇ.

ವಿಷ ನರಗಳ ಸೋಡಿಯಂ ಚಾನೆಲ್ಲುಗಳನ್ನು, ಅಂದರೆ ನರದ ಸಂಕೇತ ಹರಿಸುವ ಬಾಗಿಲುಗಳನ್ನು, ಮುಚ್ಚಗೊಡುವುದಿಲ್ಲ. ಮೊದಲು ವಾಂತಿ, ಜೊಲ್ಲು, ಬೆವರು. ಹಿಂದೆಯೇ ಅಡ್ರಿನಲಿನ್ ಜಾತಿಯ ರಸಗಳ ಪ್ರವಾಹ. ರಕ್ತನಾಳಗಳು ಬಿಗಿದು ಬಿಪಿ ಏರುತ್ತದೆ, ಹೃದಯದ ಎಡ ಕೋಣೆ ಆ ಒತ್ತಡದ ಎದುರು ತಳ್ಳಿ ತಳ್ಳಿ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಇದು ಅರ್ಧ ಗಂಟೆಯಲ್ಲೂ ಆಗಬಹುದು, ಎಂಟು ಹತ್ತು ಗಂಟೆ ಬಿಟ್ಟೂ ಆಗಬಹುದು. ಆದ್ದರಿಂದ ಮುಟ್ಟಿ ನೋಡಬೇಕಾದ್ದು ಕೈಕಾಲು. ತಣ್ಣಗೆ, ಒದ್ದೆಯಾಗಿದ್ದರೆ ವಿಷ ಮೈಗೇರಿದೆ ಎಂದೇ ಲೆಕ್ಕ. ಗಂಡುಮಕ್ಕಳಲ್ಲಿ ಶಿಶ್ನ ನಿಮಿರಿ ನಿಲ್ಲುವುದು ಇನ್ನೊಂದು ಗುರುತು. ತಾಯಂದಿರು ನಾಚಿ ಹೇಳುವುದಿಲ್ಲ, ಚಡ್ಡಿ ಬಿಚ್ಚಿಸಿಯೇ ನೋಡಬೇಕು. ಕಡಿದದ್ದನ್ನು ಯಾರೂ ನೋಡಿಲ್ಲ, ರೆಪ್ಪೆ ಜೋಲುಬೀಳುತ್ತಿದೆ ಎಂದಾದರೆ ಚೇಳು ಮರೆತು ಕಟ್ಟು ಹಾವನ್ನು ನೆನೆಯಿರಿ.

ಇದಕ್ಕೆ ಮದ್ದು ಪ್ರಜೋಸಿನ್, ಬಿಗಿದ ರಕ್ತನಾಳ ಸಡಿಲಿಸುವ ಮಾತ್ರೆ. ಮಹಾರಾಷ್ಟ್ರದ ಮಹಾಡ್‌ನ ಡಾ. ಹಿಮ್ಮತರಾವ್ ಬಾವಸ್ಕರ್ ಇದರ ಬಳಕೆಯನ್ನು ರೂಢಿಗೆ ತಂದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪ್ರಮಾಣ ಕಿಲೋ ತೂಕಕ್ಕೆ 30 ಮೈಕ್ರೋಗ್ರಾಂ. ಈ ಹುಡುಗನ ತೂಕ 20 ಕಿಲೋ, ಅಂದರೆ 600 ಮೈಕ್ರೋಗ್ರಾಂ. ಒಂದು ಮಿಲಿಗ್ರಾಂ ಮಾತ್ರೆಯನ್ನು ಪುಡಿ ಮಾಡಿ 10 ಮಿಲಿ ನೀರಿನಲ್ಲಿ ಚೆನ್ನಾಗಿ ಕಲಕಿ, ತಳಕ್ಕೆ ಕೂರುವ ಮುಂಚೆ 6 ಮಿಲಿ ಕುಡಿಸಬೇಕು. ವಾಂತಿ ನಿಲ್ಲದಿದ್ದರೆ ಮೂಗಿನ ಕೊಳವೆಯಲ್ಲಿ. ಕೈಕಾಲು ಬೆಚ್ಚಗಾಗಿ ಒಣಗುವವರೆಗೆ ಮೂರು ಗಂಟೆಗೊಮ್ಮೆ ಅದೇ ಪ್ರಮಾಣ. ಇಲ್ಲೊಂದು ಮೋಸವಿದೆ: ಮೆಡಿಕಲ್ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 'ಎಕ್ಸ್ಎಲ್' ಎಂದು ಬರೆದ ಮಾತ್ರೆ. ಅದು ನಿಧಾನವಾಗಿ ಕರಗುವಂಥದ್ದು, ಪುಡಿ ಮಾಡುವಂತಿಲ್ಲ, ಇಲ್ಲಿ ನಡೆಯುವುದಿಲ್ಲ. ಕ್ಲಿನಿಕ್ಕಿನವರು ಸಾದಾ ಮಾತ್ರೆಯ ಒಂದು ಸ್ಟ್ರಿಪ್ ಮೊದಲೇ ತರಿಸಿಡಿ. ಕೊಟ್ಟ ಮೇಲೆ ಮಗುವನ್ನು ಎತ್ತಿ ಕೂರಿಸಬಾರದು, ಬಿಪಿ ದಿಢೀರ್ ಬೀಳುತ್ತದೆ. ಮಲಗಿಸಿಯೇ ಮೂರು ಗಂಟೆ, ಅರ್ಧ ಗಂಟೆಗೊಮ್ಮೆ ಬಿಪಿ, ನಾಡಿ, ಉಸಿರು ನೋಡಬೇಕು. ಬಿಪಿ ಆಗಲೇ ಕುಸಿದಿದ್ದರೆ, ಶ್ವಾಸಕೋಶದಲ್ಲಿ ನೀರಿದ್ದರೆ ಅದು ಡೊಬುಟಮಿನ್ (ಹೃದಯದ ಬಡಿತಕ್ಕೆ ಬಲ ಕೊಡುವ ಡ್ರಿಪ್) ಮತ್ತು ಐಸಿಯುವಿನ ಕೆಲಸ, ಬರೀ ಮಾತ್ರೆಯದಲ್ಲ.

ಕ್ಲಿನಿಕ್ಕಿನಲ್ಲಿ ಕೊಟ್ಟದ್ದರಲ್ಲಿ ಯಾವುದೂ ವಿಷಕ್ಕೆ ಮದ್ದಲ್ಲ. ಸ್ಟೀರಾಯ್ಡಿನಿಂದ ಲಾಭವಿಲ್ಲ, ಅವಿಲ್ ಮಗುವನ್ನು ಮಂಪರಿಗೆ ಹಾಕಿ ಲಕ್ಷಣ ಮುಚ್ಚುತ್ತದೆ. ಬೆವರು, ನಿಧಾನ ನಾಡಿ ನೋಡಿ ಅಟ್ರೊಪಿನ್ ಹಾಕುವವರೂ ಇದ್ದಾರೆ. ಅದು ಬಿಪಿ, ನಾಡಿ ಎರಡನ್ನೂ ಇನ್ನಷ್ಟು ಏರಿಸುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಆ ಎರಡು ಬಾಟಲಿ. ವಾಂತಿ ಬೆವರಿನಲ್ಲಿ ನೀರು ಹೋಗಿರುತ್ತದೆ ನಿಜ, ಆದರೆ ತುಂಬಿಸಬೇಕಾದ್ದು ಬಾಯಿಂದ, ಓಆರ್‌ಎಸ್ ಗುಟುಕು ಗುಟುಕಾಗಿ. ಸೋಲುತ್ತಿರುವ ಹೃದಯಕ್ಕೆ ಜೋರಾಗಿ ಓಡಿಸಿದ ಸಲೈನ್ ಶ್ವಾಸಕೋಶಕ್ಕೇ ಹೋಗುತ್ತದೆ.

ಹಾವಿನ ಪ್ರತಿವಿಷ ಚೇಳಿಗೆ ಕೆಲಸ ಮಾಡದು. ಚೇಳಿನದೇ ಪ್ರತಿವಿಷ ಬೇರೆ ಇದೆ, ಬೇಗ ಕೊಟ್ಟರಷ್ಟೇ ಉಪಯೋಗ. ದೊಡ್ಡವರಲ್ಲಿ ಇನ್ನೊಂದು ಮೋಸ: ಇಸಿಜಿ ಥೇಟ್ ಹಾರ್ಟ್ ಅಟ್ಯಾಕಿನಂತೆ ಕಾಣಬಹುದು. ಚೇಳು ಕಡಿದದ್ದನ್ನು ಕೇಳದೆ ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಕೈ ಹಾಕಬೇಡಿ, ಮೊದಲು ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ.

ಮಗುವಿಗೆ ಕಡಿದರೆ ಕಟ್ಟುವುದು, ಕೊಯ್ಯುವುದು ಬೇಡ. 108ಕ್ಕೆ ಫೋನ್ ಮಾಡಿ, ಗಾಡಿ ತಡವಾದರೆ ಸಿಕ್ಕ ವಾಹನದಲ್ಲಿ ಹೊರಡಿ. ಕಡಿದ ಹೊತ್ತನ್ನು ಚೀಟಿಯಲ್ಲಿ ಬರೆದು ಕೊಡಿ. ಪಿಎಚ್‌ಸಿಯಿಂದ ಕಳಿಸುವವರು ಪ್ರಜೋಸಿನ್ ಎಷ್ಟು, ಎಷ್ಟು ಗಂಟೆಗೆ ಕೊಟ್ಟಿರಿ ಎಂದು ಅದರಲ್ಲೇ ಸೇರಿಸಿ. ಲಕ್ಷಣವಿಲ್ಲದ ಮಗುವನ್ನೂ 24 ಗಂಟೆ ಕಣ್ಣೆದುರೇ ಇಟ್ಟುಕೊಳ್ಳಿ.

ಆ ಹುಡುಗನ ಟ್ಯೂಬು ತೆಗೆದದ್ದು ಎರಡನೇ ದಿನ. ಅಷ್ಟರಲ್ಲಿ ಪಾದ ಬೆಚ್ಚಗಾಗಿತ್ತು. ಸಂಜೆ ಕಾಲ್ಬೆರಳು ಉರಿ ಅಂತ ಗೋಳೋ ಅಂದ. ವಿಷ ಇಳಿದಾಗ ಕಡಿದ ಜಾಗದ ನೋವು ಹೀಗೆ ಮರಳಿ ಬರುತ್ತದೆ. ಅವನ ತಾಯಿ ಮಾತ್ರ ಮತ್ತೆ ಗಾಬರಿಯಾಗಿ ನರ್ಸಮ್ಮನನ್ನು ಕೂಗಿದಳು.