ಕಾರ್ಡಿನ ಝೆರಾಕ್ಸ್ ಕೊಟ್ಟು ನಾನು ಪಟ್ಟ ಪಾಡು

ಹಂಪಿ ನೋಡಲು ಹೋಗಿದ್ದಾಗ ಹೊಸಪೇಟೆಯ ಒಂದು ಲಾಡ್ಜಿನಲ್ಲಿ ಇಳಿದುಕೊಂಡಿದ್ದೆವು. ಕೌಂಟರಿನಲ್ಲಿದ್ದವರು ಮುಂಗಡಕ್ಕೆಂದು ಕ್ರೆಡಿಟ್ ಕಾರ್ಡ್ ಪಡೆದು, “ಸರ್, ಆಧಾರ್ ಜೊತೆ ಇದರದ್ದೂ ಒಂದು ಝೆರಾಕ್ಸ್ ಇರಲಿ, ಬಿಲ್ ಕಟ್ಟದೆ ಹೋಗೋರು ಇದ್ದಾರೆ” ಎಂದಾಗ, ಮಕ್ಕಳು ಹಸಿವೆಂದು ಗೋಳಾಡುತ್ತಿದ್ದುದರಿಂದ ಹಿಂದುಮುಂದು ನೋಡದೆ ಒಪ್ಪಿಕೊಂಡೆ. ಒಂದೇ ಹಾಳೆಯಲ್ಲಿ ಮೇಲೆ ಕಾರ್ಡಿನ ಮುಂಭಾಗ, ಕೆಳಗೆ ಹಿಂಭಾಗ ಮೂಡಿ ಬಂದವು. ಹದಿನಾರು ಅಂಕಿಗಳು, ಅವಧಿ ಮುಗಿಯುವ ತಿಂಗಳು, ಸಹಿಯ ಪಟ್ಟಿಯ ಪಕ್ಕದ ಸಿವಿವಿ ಎಂಬ ಮೂರಂಕಿಯ ಗುಪ್ತ ಸಂಖ್ಯೆ, ಎಲ್ಲವೂ ಕನ್ನಡಕವಿಲ್ಲದೆ ಓದುವಷ್ಟು ಸ್ಪಷ್ಟವಾಗಿದ್ದವು. ಆ ಹಾಳೆಗೆ ತೂತು ಹೊಡೆದು ದಪ್ಪನೆಯ ಫೈಲಿಗೆ ಸೇರಿಸಿದರು.

ನಾಲ್ಕು ತಿಂಗಳ ಬಳಿಕ, ಒಂದು ಗುರುವಾರ ಸಂಜೆ, ಒಂದು ಡಾಲರ್ ಕಡಿತವಾದ ಸಂದೇಶ ಬಂತು. ಮಗ ಯಾವುದೋ ಆ್ಯಪ್ ಕೊಂಡಿರಬೇಕೆಂದು ಸುಮ್ಮನಾದೆ. ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ವಂಚಕರು ಹೀಗೆ ಚಿಲ್ಲರೆ ಮೊತ್ತ ಎಳೆದು ನೋಡುವುದುಂಟೆಂದು ಆಗ ನನಗೆ ತಿಳಿದಿರಲಿಲ್ಲ. ಅದೇ ರಾತ್ರಿ ಎರಡೂವರೆಯಿಂದ ಮೂರು ಗಂಟೆಯೊಳಗೆ ನಾಲ್ಕು ಕಂತಿನಲ್ಲಿ 61,400 ರೂಪಾಯಿ ಹೋಗಿತ್ತು. ಒಂದಕ್ಕೂ ಓಟಿಪಿ ಬಂದಿರಲಿಲ್ಲ.

ನಾವು ಮೋಸ ಹೋಗುವುದು ಇಲ್ಲಿಯೇ. ಇಲ್ಲಿನ ಜಾಲತಾಣಗಳು ಓಟಿಪಿ ಕೇಳುವುದರಿಂದ ಎಲ್ಲೆಡೆಯೂ ಕೇಳುತ್ತವೆಂದು ನಂಬಿರುತ್ತೇವೆ. ಹೊರದೇಶದ ಎಷ್ಟೋ ತಾಣಗಳಿಗೆ ಕಾರ್ಡಿನ ಮೇಲೆ ಅಚ್ಚಾಗಿರುವ ವಿವರಗಳಷ್ಟೇ ಸಾಕು. ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಗ್ರಾಹಕರೇ ಬೇಕೆಂದಾಗ ತೆರೆದು ಮುಚ್ಚುವ ಸೌಲಭ್ಯವನ್ನು ರಿಸರ್ವ್ ಬ್ಯಾಂಕ್ 2020ರಲ್ಲೇ ಕಡ್ಡಾಯ ಮಾಡಿತ್ತು. ಸಿಂಗಪುರಕ್ಕೆ ಹೋಗುವಾಗ ತೆರೆದಿದ್ದ ನಾನು ಮರಳಿದ ಮೇಲೆ ಮುಚ್ಚುವುದನ್ನು ಮರೆತಿದ್ದೆ. 2022ರ ಅಕ್ಟೋಬರ್ 1ರಿಂದ ಇಲ್ಲಿನ ಮಾರಾಟ ತಾಣಗಳು ಪೂರ್ಣ ಕಾರ್ಡ್ ಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದರ ಬದಲು ಟೋಕನ್, ಅಂದರೆ ಕಾರ್ಡ್ ಸಂಖ್ಯೆಯ ಜಾಗದಲ್ಲಿ ನಿಲ್ಲುವ ಬದಲಿ ಸಂಕೇತ, ಬಳಸಬೇಕು. ಝೆರಾಕ್ಸ್ ಹಾಳೆಗೆ ಯಾವ ಟೋಕನ್?

ಬೆಳಗಾಗುತ್ತಲೇ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ಅದರ ಸಂಖ್ಯೆಯೊಂದಿಗೆ ಶಾಖೆಗೆ ಹೋದೆ. ಅಲ್ಲಿನ ಅಧಿಕಾರಿ “ಝೆರಾಕ್ಸ್ ಕೊಟ್ಟವರು ನೀವೇ ಅಲ್ಲವೇ” ಎಂದು ಕೈತೊಳೆದುಕೊಳ್ಳಲು ನೋಡಿದರು. ನನ್ನ ನೆರವಿಗೆ ಬಂದದ್ದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ: ತಪ್ಪು ಮೂರನೆಯವರದಾಗಿದ್ದು, ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆಯಿಲ್ಲ, ಹೊಣೆಯಿದೆಯೆಂದು ಸಾಬೀತುಪಡಿಸುವ ಭಾರವೂ ಬ್ಯಾಂಕಿನದೇ ಎಂದು ಅದು ಹೇಳುತ್ತದೆ. ಅದನ್ನೇ ಉಲ್ಲೇಖಿಸಿ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಹತ್ತನೆಯ ಕೆಲಸದ ದಿನ ಹಣ ತಾತ್ಕಾಲಿಕವಾಗಿ ಜಮೆಯಾಯಿತು. ಅದು ನನ್ನದೇ ಎಂದು ತೀರ್ಮಾನವಾಗಲು ಎರಡೂವರೆ ತಿಂಗಳು ಹಿಡಿಯಿತು.

ಹೊಸ ಕಾರ್ಡಿನ ಸಿವಿವಿಯನ್ನು ನೆನಪಿಟ್ಟುಕೊಂಡು ಬ್ಲೇಡಿನಿಂದ ಕೆರೆದು ಹಾಕಿದ್ದೇನೆ, ವಿದೇಶಿ ಬಳಕೆಯನ್ನು ಮುಚ್ಚಿದ್ದೇನೆ. ಯಾರಾದರೂ ಪ್ರತಿ ಕೇಳಿದರೆ ಗುರುತಿನ ಚೀಟಿಯದು ಮಾತ್ರ ಕೊಡುತ್ತೇನೆ, ಒಪ್ಪದಿದ್ದರೆ ನಗದು ಕಟ್ಟುತ್ತೇನೆ. ಪ್ರವಾಸದ ಏಜೆಂಟರು ವಾಟ್ಸಾಪಿನಲ್ಲಿ ಎರಡೂ ಬದಿಯ ಫೋಟೊ ಕೇಳುವುದೂ ಇದೇ ಬಗೆಯದು, ದಯವಿಟ್ಟು ಕಳುಹಿಸಬೇಡಿ.

ಸೋರಿಕೆ ಆ ಲಾಡ್ಜಿನಿಂದಲೇ ಆಯಿತೆಂದು ಸಾಬೀತುಪಡಿಸಲು ನನ್ನಿಂದಾಗದು. ಆದರೂ ಕರೆ ಮಾಡಿ, ನನ್ನ ಹಾಳೆ ಎಲ್ಲಿದೆ ಎಂದು ವಿಚಾರಿಸಿದೆ. “ಹಳೇ ಫೈಲೆಲ್ಲ ರದ್ದಿಗೆ ಹಾಕಿದ್ವಿ ಸರ್” ಎಂದರು.