ಫಿಯರ್‌ಲೆಸ್ (2006): ಉದ್ದನೆಯ ಆವೃತ್ತಿಯನ್ನೇ ನೋಡಿ

ಚೀನಾದಲ್ಲಿ ಕ್ವಿಂಗ್ ರಾಜವಂಶದ ಆಳ್ವಿಕೆಯ ಕೊನೆಯ ದಿನಗಳ ತಿಯಾಂಜಿನ್ ನಗರ. ಗೆಲುವಿನ ಮದವೇರಿದ ಕುಂಗ್ ಫೂ ಪಟು ಹುವೋ ಯುವಾನ್‌ಜಿಯಾ (ಜೆಟ್ ಲೀ) ಹೋಟೆಲೊಂದರಲ್ಲಿ ಪ್ರತಿಸ್ಪರ್ಧಿಯನ್ನು ಕೊಲ್ಲುತ್ತಾನೆ. ಅದರ ಸೇಡಿಗೆ ಅವನ ತಾಯಿ, ಮಗಳು ಬಲಿಯಾಗುತ್ತಾರೆ. ಉಳಿದದ್ದು ಪ್ರಾಯಶ್ಚಿತ್ತದ ಕಥೆ.

ಯುವೆನ್ ವೂ-ಪಿಂಗ್ ಸಂಯೋಜಿಸಿದ ಹೊಡೆದಾಟಗಳೇ ಆ ಬದಲಾವಣೆಯನ್ನು ಹೇಳುತ್ತವೆ. ಹೋಟೆಲಿನ ಕತ್ತಿಕಾಳಗದಲ್ಲಿ ಪ್ರತಿ ಏಟೂ ಮುಗಿಸಲೆಂದೇ ಬೀಳುತ್ತದೆ, ಮೇಜು ಕಂಬಗಳೂ ಉಳಿಯುವುದಿಲ್ಲ. ಮುಂದೆ ದೈತ್ಯ ಮಲ್ಲ ಓಬ್ರಿಯನ್ ಮೊಳೆಗಳ ಮೇಲೆ ಬೀಳುವಾಗ ಹುವೋ ಅವನನ್ನು ಕಾಪಾಡುತ್ತಾನೆ. ಜಪಾನಿನ ತನಾಕಾ ಜೊತೆಗಿನ ಸುತ್ತಿನಲ್ಲಿ ಹುವೋನ ಮೂರು ತುಂಡಿನ ದೊಣ್ಣೆಗೆ ಜಪಾನಿ ಖಡ್ಗ ಕಟಾನಾ ಎದುರಾಗುತ್ತದೆ. ಆಯುಧಗಳು ಅದಲುಬದಲಾದಾಗ ತನಾಕಾ ದೊಣ್ಣೆಯನ್ನು ಹಿಡಿತಕ್ಕೆ ತರಲು ಪರದಾಡುವುದನ್ನು ಗಮನಿಸಿ. ಕೊಂಡಿಗಳಲ್ಲಿ ತೂಗುವ ಅದು ಅಭ್ಯಾಸವಿಲ್ಲದವನಿಗೇ ತಿರುಗಿ ಬಡಿಯುತ್ತದೆ.

ಇವೆರಡು ಸುತ್ತುಗಳಿಗೂ ಮೊದಲು, ಊರು ಬಿಟ್ಟ ಹುವೋ ಆಶ್ರಯ ಪಡೆಯುವ ಹಳ್ಳಿಯ ಭಾಗದಲ್ಲಿ ಭತ್ತದ ಸಸಿಗಳನ್ನು ಹುವೋ ಅವಸರದಲ್ಲಿ ಒತ್ತೊತ್ತಾಗಿ ನೆಡುತ್ತಾನೆ. ಕುರುಡಿ ಮೂನ್ ರಾತ್ರಿ ಸದ್ದಿಲ್ಲದೆ ಸರಿಪಡಿಸುತ್ತಾಳೆ. ಒಂದೂ ಉಪದೇಶವಿಲ್ಲ! ಆದರೆ ಸುಮಾರು 104 ನಿಮಿಷದ ಚಿತ್ರಮಂದಿರದ ಆವೃತ್ತಿಯಲ್ಲಿ ಈ ಭಾಗಕ್ಕೆ ಉಸಿರಾಡಲು ಜಾಗ ಸಾಲದು, ಪಶ್ಚಾತ್ತಾಪ ದಿಢೀರನೆ ಬಂದಂತಿದೆ. ನಿರ್ದೇಶಕ ರಾನಿ ಯೂ ಅವರ ಸುಮಾರು 140 ನಿಮಿಷದ ಆವೃತ್ತಿ ಆ ಕೊರತೆಯನ್ನು ತುಂಬುತ್ತದೆ. ನಟಿ ಮಿಶೆಲ್ ಯೋ ಇರುವುದೂ ಅದರಲ್ಲೇ.

ಇತಿಹಾಸವೆಂದು ಮಾತ್ರ ನಂಬಬೇಡಿ. ನಿಜವಾದ ಹುವೋಗೆ ವಂಶವಿತ್ತು, 1910ರಲ್ಲಿ ಅವನು ಸತ್ತದ್ದು ಚಿತ್ರದಲ್ಲಿರುವಂತೆ ಅಖಾಡದಲ್ಲಲ್ಲ. ವಿಷಪ್ರಾಶನದ ಮಾತು ಇಂದಿಗೂ ವಿವಾದಿತ. ವಿದೇಶಿ ಎದುರಾಳಿಗಳನ್ನು ತೀರಾ ವ್ಯಂಗ್ಯಚಿತ್ರಗಳಂತೆ ಬಿಡಿಸಿರುವುದು ಇನ್ನೊಂದು ದೋಷ. ತನಾಕಾ ಒಬ್ಬನೇ ಅದಕ್ಕೆ ಹೊರತು.